ಮೋಟು ಬೆನ್ನಿನ ಅಗಲ ಪೋನಿಗೆ ತಡಿ ಹೊಂದಿಸುವ ಬಗೆ

ಕೊಡಗಿನ ಕಾಫಿ ತೋಟಗಳಲ್ಲಿ ನೂರು ಮಾರು ಸಮತಟ್ಟಾದ ದಾರಿ ಸಿಗುವುದೇ ಅಪರೂಪ. ಮನೆಯಿಂದ ಗೇಟಿಗೆ ಇಳಿಯಬೇಕು, ಗೇಟಿನಿಂದ ಗದ್ದೆಗೆ ಇಳಿಯಬೇಕು, ಹಿಂದಿರುಗುವಾಗ ಅಷ್ಟನ್ನೂ ಹತ್ತಬೇಕು. ಇಂಥ ದಾರಿಯಲ್ಲಿ ಗುಂಡುಮೈಯ ಪೋನಿಯೊಂದನ್ನು ಏರಿದವರಿಗೆ ಒಂದು ಅನುಭವ ತಪ್ಪದೆ ಆಗುತ್ತದೆ: ಇಳಿಜಾರಿನಲ್ಲಿ ತಡಿ, ಅಂದರೆ ಜೀನು, ಮೆಲ್ಲಮೆಲ್ಲನೆ ಮುಂದಕ್ಕೆ ಜಾರಿ ಕತ್ತಿನ ಬುಡಕ್ಕೆ ಬಂದು ನಿಲ್ಲುತ್ತದೆ, ಪಾದವಿಡುವ ರಿಕಾಪುಗಳಲ್ಲಿ ಒಂದರ ಮೇಲೆ ಕಾಲಿನ ಭಾರ ಹೆಚ್ಚಾದರೆ ತಡಿಯೇ ಆ ಪಕ್ಕಕ್ಕೆ ವಾಲುತ್ತದೆ. ಆಗ ಹೊಟ್ಟೆಪಟ್ಟಿಯನ್ನು ಇನ್ನೆರಡು ತೂತು ಬಿಗಿಯುತ್ತೇವೆ. ಸಾಲದಿದ್ದರೆ ತಡಿಯ ಅಡಿಗೆ ಇನ್ನೊಂದು ಕಂಬಳಿಯನ್ನು ಮಡಿಸಿ ಹಾಕುತ್ತೇವೆ. ನಮ್ಮ ಕೆಂಚಿ ಎಂಬ ಹೆಣ್ಣು ಪೋನಿಯ ಮೇಲೆ ನಾನೂ ಎರಡು ವರ್ಷ ಇದನ್ನೇ ಮಾಡಿದೆ. ಎರಡೂ ತಪ್ಪು ಕ್ರಮಗಳು, ಮತ್ತು ಅವು ಏಕೆ ತಪ್ಪು ಎಂಬುದು ಕುದುರೆಯ ಬೆನ್ನು ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನು ತಿಳಿದ ಮೇಲಷ್ಟೇ ಸ್ಪಷ್ಟವಾಗುತ್ತದೆ.

ಹಿಂದಿನವರು ತಟ್ಟು ಎಂದು ಕರೆಯುತ್ತಿದ್ದ ಕುಳ್ಳ ಕುದುರೆಯೇ ಇಂದಿನ ಪೋನಿ. ಅಂತರರಾಷ್ಟ್ರೀಯ ಸ್ಪರ್ಧೆಗಳ ಲೆಕ್ಕದಲ್ಲಿ ಲಾಳವಿಲ್ಲದೆ 148 ಸೆಂಟಿಮೀಟರ್ ಮೀರದ ಕುದುರೆ ಪೋನಿ ಎನಿಸಿಕೊಳ್ಳುತ್ತದೆ. ಈ ಎತ್ತರವನ್ನು ಅಳೆಯುವುದು ಕತ್ತು ಮುಗಿದು ಬೆನ್ನು ಆರಂಭವಾಗುವಲ್ಲಿ ಎದ್ದು ಕಾಣುವ ಏಣಿನಲ್ಲಿ. ಸವಾರಿ ಕಲಿತವರು ಇದನ್ನು ವಿದರ್ಸ್ ಎಂದೇ ಹೇಳುವುದರಿಂದ ನಾನೂ ಅದೇ ಪದವನ್ನು ಬಳಸುತ್ತೇನೆ. ತಡಿಯ ಮಟ್ಟಿಗೆ ಎತ್ತರಕ್ಕಿಂತ ಆಕಾರ ಮುಖ್ಯ. ಹಿಮಾಲಯದ ಸ್ಪಿತಿ, ಜಾನ್ಸ್ಕಾರ್‌ಗಳಂಥ ಗುಡ್ಡಗಾಡಿನ ಪೋನಿಗಳಂತೆ ನಮ್ಮಲ್ಲಿಗೆ ಬರುವ ತಳಿ ಬೆರೆತ ಪೋನಿಗಳಲ್ಲೂ ಅನೇಕವು ಗಟ್ಟಿಮುಟ್ಟಾಗಿ, ಪಕ್ಕೆಲುಬುಗಳು ಪೀಪಾಯಿಯಂತೆ ಹೊರಬಾಗಿ, ವಿದರ್ಸ್ ಇದೆಯೋ ಇಲ್ಲವೋ ಎಂಬಷ್ಟು ತಗ್ಗಾಗಿ ಇರುತ್ತವೆ.

ಆದರೆ ಮಾರುಕಟ್ಟೆಯ ತಡಿ ಇಂಥ ಬೆನ್ನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ. ಕರ್ನಾಟಕದಲ್ಲಿ ಕುದುರೆ ಸಾಕಣೆಯೆಂದರೆ ಹೆಚ್ಚಾಗಿ ಓಟದ ಕುದುರೆಯ ಸಾಕಣೆ. ಕುಣಿಗಲ್ಲಿನ ಫಾರ್ಮ್ ಹೆಸರಾದದ್ದೂ ಅದಕ್ಕೇ, ಬೆಂಗಳೂರು ಮೈಸೂರುಗಳಲ್ಲಿ ಸವಾರಿ ಕಲಿಸುವ ಕುದುರೆಗಳಲ್ಲಿ ಹಲವು ಓಟದಿಂದ ಬಿಡುವಾದ ಥರೋಬ್ರೆಡ್‌ಗಳೇ. ಅವುಗಳ ವಿದರ್ಸ್ ಎತ್ತರ, ಬೆನ್ನು ಉದ್ದ, ಹೆಗಲು ಇಕ್ಕಟ್ಟು. ಆ ಕುದುರೆಗಳ ಮೇಲೆ ಹತ್ತು ವರ್ಷ ಚೆನ್ನಾಗಿಯೇ ಕುಳಿತ ತಡಿ ಕೈ ಬದಲಾಗಿ ಕೊಡಗಿಗೆ ಬಂದು ಪೋನಿಯ ಮೇಲೇರಿದಾಗ ತೊಂದರೆ ಶುರುವಾಗುತ್ತದೆ. ನಾನು ಮೊದಲು ಕೊಂಡದ್ದೂ ಅಂಥದೇ ಒಂದು ತಡಿ. ಚರ್ಮ ಒಳ್ಳೆಯದಿತ್ತು, ಹೊಲಿಗೆ ಒಳ್ಳೆಯದಿತ್ತು, ಬೆನ್ನು ಮಾತ್ರ ಬೇರೆಯದಿತ್ತು.

ತಡಿಗೆ ಕುದುರೆಯ ಬೆನ್ನಿನಲ್ಲಿ ಸಿಗುವ ಜಾಗ ನಾವು ಊಹಿಸುವುದಕ್ಕಿಂತ ಬಹಳ ಕಡಿಮೆ. ಮುಂದಿನ ಗಡಿ ಹೆಗಲ ಎಲುಬು. ಕುದುರೆ ಮುಂಗಾಲನ್ನು ಮುಂದಕ್ಕೆ ಚಾಚಿದಾಗ ಈ ಚಪ್ಪಟೆ ಎಲುಬಿನ ಮೇಲಂಚು, ಅದರ ತುದಿಯ ಮೃದ್ವಸ್ಥಿಯೊಡನೆ, ಹಿಂದಕ್ಕೆ ತಿರುಗುತ್ತದೆ. ತಡಿಯ ಗಟ್ಟಿ ಭಾಗ ಅಲ್ಲಿಗೆ ತಾಗಿದರೆ ಪ್ರತಿ ಹೆಜ್ಜೆಗೂ ಗುದ್ದು ಬಿದ್ದಂತೆ. ಹಿಂದಿನ ಗಡಿ ಕೊನೆಯ ಪಕ್ಕೆಲುಬು. ಕುದುರೆಗೆ 18 ಜೊತೆ ಪಕ್ಕೆಲುಬುಗಳಿದ್ದು, ಅವು ಬೆನ್ನುಮೂಳೆಯ 18 ಕೊಂಡಿಗಳಿಗೆ ಸೇರಿಕೊಂಡು ಬೆನ್ನಿಗೆ ಕೆಳಗಿನಿಂದ ಆಸರೆಯಾಗುತ್ತವೆ. ಅದರ ಹಿಂದೆ ಸೊಂಟದ ಕೊಂಡಿಗಳು ಮಾತ್ರ, ಅವಕ್ಕೆ ಪಕ್ಕೆಲುಬಿನ ಆಸರೆಯಿಲ್ಲ. ನಟ್ಟ ನಡುವೆ ಬೆನ್ನುಮೂಳೆಯ ಮೇಲ್ತುದಿಗಳೂ ಅವನ್ನು ಬಿಗಿದ ಅಸ್ಥಿರಜ್ಜುವೂ ಇರುವುದರಿಂದ ಅಲ್ಲಿಯೂ ಏನೂ ಒತ್ತಬಾರದು. ಉಳಿಯುವುದು ಬೆನ್ನುಮೂಳೆಯ ಎರಡೂ ಮಗ್ಗುಲಿನ ಉದ್ದ ಸ್ನಾಯುಗಳ ಮೇಲೆ, ಹೆಗಲಿಗೂ ಕೊನೆಯ ಪಕ್ಕೆಲುಬಿಗೂ ನಡುವಿನ ಎರಡು ಪಟ್ಟೆಗಳಷ್ಟು ಜಾಗ. ಸವಾರನ ಭಾರವೆಲ್ಲ ಅಲ್ಲಿಯೇ ಹರಡಬೇಕು.

ಆದ್ದರಿಂದ ಮೋಟು ಬೆನ್ನಿನ ಪೋನಿಗೆ ತಡಿ ಹುಡುಕುವವರು ಮೊದಲು ನೋಡಬೇಕಾದದ್ದು ಉದ್ದವನ್ನು. ಅಂಗಡಿಯವರೂ ಮಾರುವವರೂ ಅಗಲವನ್ನೇ ಕೇಳುತ್ತಾರೆ, ಏಕೆಂದರೆ ಅದು ತಡಿಯ ಮೇಲೆ ಬರೆದಿರುತ್ತದೆ. ಆದರೆ ಅಗಲವನ್ನು ಸ್ವಲ್ಪಮಟ್ಟಿಗೆ ಹೆಚ್ಚು ಕಡಿಮೆ ಮಾಡಬಹುದು. ಉದ್ದವನ್ನು ಯಾರಿಂದಲೂ ಕತ್ತರಿಸಲಾಗದು. ಅಳೆಯುವುದು ಕಷ್ಟವೇನಲ್ಲ. ಪೋನಿಯನ್ನು ಸಮನೆಲದಲ್ಲಿ, ಕಾಫಿ ಒಣಗಿಸುವ ಕಣ ಇದ್ದರೆ ಅಲ್ಲಿಯೇ, ನಾಲ್ಕೂ ಕಾಲುಗಳ ಮೇಲೆ ಸರಿಯಾಗಿ ನಿಲ್ಲಿಸಬೇಕು. ಒಬ್ಬರು ಮುಂಗಾಲನ್ನು ಎತ್ತಿ ಮುಂದಕ್ಕೆ ಎಳೆದು ಹಿಡಿದರೆ ಹೆಗಲ ಎಲುಬು ಎಷ್ಟು ಹಿಂದಕ್ಕೆ ಬರುತ್ತದೆ ಎಂಬುದು ಕೈಗೆ ಸಿಗುತ್ತದೆ. ಕಾಲು ಕೆಳಗಿಟ್ಟ ಮೇಲೆ ಎಲುಬಿನ ಹಿಂದಂಚಿನಿಂದ ಎರಡು ಮೂರು ಬೆರಳು ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಅನಂತರ ಪಕ್ಕೆಯ ಹಿಂಬದಿಯಿಂದ ಬೆರಳೊತ್ತಿ ಕೊನೆಯ ಪಕ್ಕೆಲುಬನ್ನು ಹುಡುಕಿ, ಅದರ ಬಾಗನ್ನೇ ಅನುಸರಿಸಿ ಬೆನ್ನಿನವರೆಗೆ ಏರಿ ಅಲ್ಲಿಯೂ ಗೆರೆ ಎಳೆಯಬೇಕು. ಕೊಬ್ಬಿದ ಪೋನಿಯಲ್ಲಿ ಪಕ್ಕೆಲುಬಿನ ಮೇಲ್ಭಾಗ ಬೆರಳಿಗೆ ಸಿಗದು. ಕೆಳಗೆ ಸಿಕ್ಕಷ್ಟು ಬಾಗನ್ನೇ ಅಂದಾಜಿನಲ್ಲಿ ಮುಂದುವರಿಸಬೇಕಾಗುತ್ತದೆ. ಎರಡು ಗೆರೆಗಳ ನಡುವಿನ ಅಂತರವೇ ತಡಿಯ ಪಾಲು. ಕೆಂಚಿಯ ಬೆನ್ನಿನಲ್ಲಿ ಅದು ಹದಿನೈದೂವರೆ ಇಂಚು ಬಂತು. ನಾನು ಕೊಂಡಿದ್ದ ತಡಿಯ ಆಸನ ಹದಿನೇಳೂವರೆ ಇಂಚು, ಅದರ ಕೆಳಗಿನ ಮೆತ್ತೆ ಅದಕ್ಕಿಂತಲೂ ಉದ್ದ. ಎರಡು ವರ್ಷ ನಾನು ಕುಳಿತದ್ದು ಅವಳ ಸೊಂಟದ ಮೇಲೆ ಎಂದು ಅಂದು ತಿಳಿಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ತಡಿಯ ಅಳತೆಯೆಂದು ಹೇಳುವ 16, 17, 18 ಇಂಚುಗಳು ಸವಾರನ ಆಸನದ ಅಳತೆಗಳು. ತಡಿಯ ಮುಂತುದಿಯ ಕಮಾನಾದ ಮುಂಗಮಾನಿನ ಪಕ್ಕದ ಗುಬುಟು ಮೊಳೆಯಿಂದ ಹಿಂಬದಿಯ ಏರಿನ ನಡುವಿನವರೆಗೆ ಅಳೆದದ್ದು. ಕುದುರೆಗೆ ಬೇಕಾದದ್ದು ತಡಿಯನ್ನು ಮಗುಚಿ ಹಾಕಿ, ಬೆನ್ನಿಗೆ ತಾಗುವ ಮೆತ್ತೆಯನ್ನು ಅಳೆದ ಲೆಕ್ಕ. ಒಂದೇ ಆಸನದ ಎರಡು ತಡಿಗಳಲ್ಲಿ ಮೆತ್ತೆಯ ಉದ್ದ ಒಂದೇ ಇರಬೇಕಿಲ್ಲ. ಹಿಂತುದಿ ಮೇಲಕ್ಕೆ ತಿರುಗಿದ ಮೆತ್ತೆ ಬೆನ್ನಿನ ಮೇಲೆ ಕಡಿಮೆ ಜಾಗ ಹಿಡಿಯುತ್ತದೆ, ಹಿಂಬದಿಯಲ್ಲಿ ದಪ್ಪ ಪಟ್ಟಿ ಕೂಡಿಸಿದ ಮೆತ್ತೆ ಹೆಚ್ಚು ಹಿಡಿಯುತ್ತದೆ. ಹಾಗೆಯೇ ಆಳವಾದ ಆಸನಕ್ಕಿಂತ ಚಪ್ಪಟೆ ಆಸನದಲ್ಲಿ ಸವಾರನಿಗೆ ಕೊಂಚ ಹೆಚ್ಚು ಸ್ಥಳ ಸಿಗುವುದರಿಂದ, ಚಪ್ಪಟೆ ಆಸನ ಆರಿಸಿಕೊಂಡರೆ ಅರ್ಧ ಇಂಚು ಚಿಕ್ಕದರಲ್ಲಿಯೂ ಹೊಂದಿಕೊಳ್ಳಬಹುದು. ಮೋಟು ಬೆನ್ನಿನವರು ಹೋರಾಡುವುದು ಇಂಥ ಅರ್ಧರ್ಧ ಇಂಚುಗಳಿಗಾಗಿಯೇ.

ಇನ್ನು ಅಗಲ. ತಡಿಯ ಒಳಗೆ ಮರದ, ಪ್ಲಾಸ್ಟಿಕ್ಕಿನ ಅಥವಾ ಮರ ಉಕ್ಕು ಎರಡೂ ಸೇರಿದ ಒಂದು ಎಲುಬುಗೂಡು ಇರುತ್ತದೆ. ಇಂಗ್ಲಿಷಿನ ಟ್ರೀ ಎಂಬ ಹೆಸರೇ ನಮ್ಮಲ್ಲೂ ರೂಢಿ. ಅದರ ಮುಂಗಮಾನಿನ ಎರಡು ಕಾಲುಗಳು ವಿದರ್ಸ್‌ನ ಎರಡೂ ಪಕ್ಕ ಇಳಿಯುತ್ತವೆ. ಈ ಕಾಲುಗಳು ಎಷ್ಟು ಅಗಲಿಸಿವೆ ಎಂಬುದನ್ನು ನ್ಯಾರೋ, ಮೀಡಿಯಂ, ವೈಡ್, ಎಕ್ಸ್‌ಟ್ರಾ ವೈಡ್ ಎಂದು ಗುರುತಿಸುತ್ತಾರೆ. ತಯಾರಕರೆಲ್ಲರೂ ಒಪ್ಪಿದ ಒಂದು ಮಾನದಂಡ ಇದಕ್ಕಿಲ್ಲ. ಒಬ್ಬರ ವೈಡ್ ಇನ್ನೊಬ್ಬರ ಮೀಡಿಯಂ ಆಗಿರಬಹುದು, ಸಿದ್ಧ ಉಡುಪಿನ ಅಂಗಡಿಯಲ್ಲಿ ಒಂದು ಕಂಪನಿಯ ಮಧ್ಯಮ ಅಳತೆ ಇನ್ನೊಂದರಲ್ಲಿ ಬಿಗಿಯಾಗುವ ಹಾಗೆ. ಅಗಲದ ಅಂಕೆಗಿಂತ ಹೆಚ್ಚಿನದು ಕಮಾನಿನ ಆಕಾರ. ಥರೋಬ್ರೆಡ್‌ನ ಬೆನ್ನನ್ನು ಅಡ್ಡಕ್ಕೆ ಕತ್ತರಿಸಿದಂತೆ ಊಹಿಸಿದರೆ ಹೆಂಚಿನ ಮನೆಯ ಮಾಡಿನಂತೆ ಕಾಣುತ್ತದೆ: ನಡುವೆ ಮೊನೆ, ಎರಡೂ ಕಡೆ ಇಳಿಜಾರು. ಅಗಲ ಪೋನಿಯ ಬೆನ್ನು ಮಗುಚಿಟ್ಟ ಬಾಣಲೆ. ಮಾಡಿನ ಆಕಾರದ ಕಮಾನನ್ನು ಎಷ್ಟೇ ಅಗಲಿಸಿದರೂ ಅದು ಬಾಣಲೆಯ ಮೇಲೆ ಎರಡು ಗೆರೆಗಳಲ್ಲಿ ಮಾತ್ರ ತಾಗುತ್ತದೆ. ಇಂಥ ಬೆನ್ನಿಗೆ ಬೇಕಾದದ್ದು ಮೇಲ್ಭಾಗವೇ ದುಂಡಗಿರುವ, ಲಾಳವನ್ನು ಮಗುಚಿ ಹಿಡಿದಂತೆ ಕಾಣುವ ಕಮಾನು. ಇದನ್ನು ಹೂಪ್ ಟ್ರೀ ಎನ್ನುತ್ತಾರೆ. ತಡಿ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು, ಮತ್ತು ಮಾರುವವರು ಉತ್ತರಿಸಲು ತಡವರಿಸುವ ಪ್ರಶ್ನೆಯೂ ಇದೇ.

ಇಕ್ಕಟ್ಟಾದ ತಡಿ ಅಗಲ ಬೆನ್ನಿನ ಮೇಲೆ ಕೂರುವುದೇ ಇಲ್ಲ, ಮೇಲೆ ನಿಂತಿರುತ್ತದೆ. ಮುಂಭಾಗ ಎತ್ತರವಾಗಿ, ಆಸನದ ತಗ್ಗು ಹಿಂದಕ್ಕೆ ಸರಿದು, ಸವಾರ ಸೊಂಟದ ಕಡೆಗೆ ಜಾರುತ್ತಾನೆ. ಕಮಾನಿನ ಕಾಲುಗಳ ತುದಿಗಳು ಸ್ನಾಯುವಿಗೆ ನಾಟುತ್ತವೆ. ಕೆಳಗೆ ಹಿಡಿತವಿಲ್ಲದ್ದರಿಂದ ತಡಿ ಉರುಳುತ್ತದೆ. ಉರುಳುವುದನ್ನು ತಡೆಯಲು ಕಂಬಳಿ ಸೇರಿಸಿದಾಗ ಆಗುವುದೇನು? ಕಾಲಿಗೆ ಬಿಗಿಯಾದ ಗಮ್‌ಬೂಟಿನೊಳಗೆ ಇನ್ನೊಂದು ಜೊತೆ ಕಾಲುಚೀಲ ತೊಟ್ಟು ಮಳೆಯಲ್ಲಿ ತೋಟ ಸುತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲೇ ಇಕ್ಕಟ್ಟಾದದ್ದು ಇನ್ನಷ್ಟು ಇಕ್ಕಟ್ಟಾಗುತ್ತದೆ, ಹೊಟ್ಟೆಪಟ್ಟಿಯನ್ನು ಬಿಗಿದಷ್ಟೂ ನೋವು ಆಳಕ್ಕಿಳಿಯುತ್ತದೆ. ಕಂಬಳಿಯ ಮೇಲೆ ನನಗೆ ತಕರಾರಿಲ್ಲ. ಉಣ್ಣೆ ಬೆವರು ಹೀರುತ್ತದೆ, ಸೈನ್ಯದ ಸವಾರರೂ ಮಡಿಸಿದ ಕಂಬಳಿಯ ಮೇಲೆಯೇ ತಡಿ ಹಾಕುತ್ತಿದ್ದರು. ಆದರೆ ಆ ಕಂಬಳಿಯ ದಪ್ಪಕ್ಕೆ ಜಾಗವಿರುವಷ್ಟು ತಡಿ ಅಗಲವಾಗಿರಬೇಕು. ಅತಿ ಅಗಲದ ತಡಿಯೂ ಒಳ್ಳೆಯದಲ್ಲ, ಅದು ಮುಂದಕ್ಕೆ ಕುಸಿದು ವಿದರ್ಸ್ ಮೇಲೆ ಕೂರುತ್ತದೆ. ಆದರೂ ತುಸು ಅಗಲವಾದದ್ದನ್ನು ತೆಳು ಮೆತ್ತೆಯಿಂದ ಸರಿಪಡಿಸಬಹುದು, ತುಸು ಇಕ್ಕಟ್ಟಾದದ್ದನ್ನು ಯಾವ ಮೆತ್ತೆಯೂ ಸರಿಪಡಿಸದು. ಮುಂಗಮಾನಿನ ಲೋಹದ ಪಟ್ಟಿಯನ್ನು ಸ್ಕ್ರೂ ಬಿಚ್ಚಿ ಬೇರೆ ಅಳತೆಯದಕ್ಕೆ ಬದಲಿಸಬಹುದಾದ ಸಿಂಥೆಟಿಕ್ ತಡಿಗಳು ಬಂದಿರುವುದು ಈ ಕಾರಣಕ್ಕೇ ಉಪಯುಕ್ತ. ಆದರೆ ಪಟ್ಟಿ ಬದಲಿಸಿದರೆ ಕಮಾನಿನ ಕಾಲುಗಳಷ್ಟೇ ಅಗಲಿಸುತ್ತವೆ. ಅದರ ಹಿಂದಿನ ಉಳಿದ ಟ್ರೀ ಮೊದಲಿನಂತೆಯೇ ಇರುತ್ತದೆ.

ಉದ್ದುದ್ದಕ್ಕೆ ನೋಡಿದಾಗಲೂ ಆಕಾರದ ಪ್ರಶ್ನೆ ಬರುತ್ತದೆ. ಅಗಲ ಪೋನಿಗಳ ಬೆನ್ನು ಬಹುಮಟ್ಟಿಗೆ ಮಟ್ಟಸವಾಗಿರುತ್ತದೆ. ಬಾಳೆಹಣ್ಣಿನಂತೆ ಬಾಗಿದ ಟ್ರೀಯನ್ನು ಅದರ ಮೇಲಿಟ್ಟರೆ ತಡಿ ತೊಟ್ಟಿಲಿನಂತೆ ತೂಗುತ್ತದೆ. ಬೆನ್ನು ತಗ್ಗಿದ ಮುದಿ ಕುದುರೆಯ ಮೇಲೆ ಚಪ್ಪಟೆ ಟ್ರೀಯನ್ನಿಟ್ಟರೆ ಮುಂದೆ ಹಿಂದೆ ಮಾತ್ರ ತಾಗಿ ನಡುವೆ ಸೇತುವೆಯಂತೆ ಪೊಳ್ಳು ಉಳಿಯುತ್ತದೆ. ಮೊದಲನೆಯದು ನಮ್ಮ ಪೋನಿಗಳ ರೋಗ.

ಇಷ್ಟನ್ನೂ ದೂರದ ಅಂಗಡಿಗೆ ತಿಳಿಸುವುದು ಹೇಗೆ? ಕೊಡಗಿನಲ್ಲಿ ಕುಳಿತವರು ಹತ್ತು ತಡಿಗಳನ್ನು ಹಾಕಿ ನೋಡಿ ಆರಿಸುವ ಸ್ಥಿತಿಯಲ್ಲಿಲ್ಲ, ಆದ್ದರಿಂದ ಬೆನ್ನಿನ ಅಚ್ಚನ್ನೇ ತೆಗೆದು ಕಳುಹಿಸಬೇಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಕ್ಷೆ ಬರೆಯಲು ಬಳಸುವ, ಬಾಗಿಸಿದಂತೆ ನಿಲ್ಲುವ ರಬ್ಬರಿನ ಪಟ್ಟಿ ಲೇಖನ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತದೆ; ಅದಿಲ್ಲದಿದ್ದರೆ ಬಾಗಿಸಿದಂತೆ ನಿಲ್ಲುವ ದಪ್ಪ ವಿದ್ಯುತ್ ತಂತಿಯೂ ಆದೀತು. ಮುಂದಿನ ಸೀಮೆಸುಣ್ಣದ ಗೆರೆಯ ಮೇಲೆ ಅದನ್ನು ಅಡ್ಡಲಾಗಿ ಹಾಕಿ, ಬೆನ್ನಿಗೆ ಒತ್ತಿ, ಆಕಾರ ಕೆಡದಂತೆ ಎತ್ತಿ ರಟ್ಟಿನ ಮೇಲಿಟ್ಟು ಒಳಬದಿಯ ಗೆರೆಯನ್ನು ಬರೆದುಕೊಳ್ಳಬೇಕು. ಬೆನ್ನಿನ ನಡುವೆ ಒಂದು, ಕೊನೆಯ ಪಕ್ಕೆಲುಬಿನ ಬಳಿ ಒಂದು, ವಿದರ್ಸ್‌ನಿಂದ ಹಿಂದಕ್ಕೆ ಉದ್ದುದ್ದಕ್ಕೆ ಒಂದು ಹೀಗೆ ಇನ್ನೂ ಮೂರು ಗೆರೆಗಳನ್ನು ತೆಗೆದು, ರಟ್ಟನ್ನು ಕತ್ತರಿಸಿ, ಯಾವುದು ಎಡ ಯಾವುದು ಬಲ ಎಂಬುದನ್ನೂ ದಿನಾಂಕವನ್ನೂ ಬರೆದಿಡಬೇಕು. ದೇಶದಲ್ಲಿ ತಡಿ ತಯಾರಿಕೆಗೆ ಹೆಸರಾದ ಊರು ಕಾನ್ಪುರ. ಅಲ್ಲಿನ ಕುದುರೆ ಸಾಮಗ್ರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಇಂಥ ಅಚ್ಚು ಕೈಯಲ್ಲಿದ್ದರೆ ಅಲ್ಲಿನ ತಯಾರಕರೊಡನೆ ವ್ಯವಹರಿಸಬಹುದು. ‘ತುಂಬಾ ದಪ್ಪ ಪೋನಿ ಸಾರ್’ ಎಂಬ ವರ್ಣನೆಯಿಂದ ಯಾರೂ ಏನನ್ನೂ ಮಾಡಲಾರರು.

ಬಂದ ತಡಿಯನ್ನು ಪರೀಕ್ಷಿಸುವಾಗ ಮೊದಲಿಗೆ ತಡಿಯ ಅಡಿಗೆ ಹಾಸುವ ನಮ್ದಾ, ಕಂಬಳಿ ಯಾವುದೂ ಇಲ್ಲದೆ ಬರಿ ಬೆನ್ನಿನ ಮೇಲಿಡಬೇಕು. ತುಸು ಮುಂದಕ್ಕೆ ಇಟ್ಟು ಕೂದಲು ಮಲಗಿದ ದಿಕ್ಕಿನಲ್ಲಿ ಹಿಂದಕ್ಕೆ ಸರಿಸಿದರೆ, ಸರಿಯಾದ ತಡಿ ಹೆಗಲ ಹಿಂದೆ ತಾನಾಗಿ ಒಂದು ಕಡೆ ನಿಲ್ಲುತ್ತದೆ. ಮುಂಗಮಾನಿಗೂ ವಿದರ್ಸ್‌ಗೂ ನಡುವೆ, ಸವಾರ ಕುಳಿತ ಮೇಲೂ, ಎರಡು ಮೂರು ಬೆರಳು ತೂರಬೇಕು; ನಡುಗಾಲುವೆಯಲ್ಲಿ ಮುಂದಿನಿಂದ ಹಿಂದಿನವರೆಗೆ ಬೆಳಕು ಕಾಣಬೇಕು, ಮತ್ತು ಆ ಕಾಲುವೆ ಉದ್ದಕ್ಕೂ ಮೂರು ನಾಲ್ಕು ಬೆರಳಿನಷ್ಟು ಅಗಲವಿರಬೇಕು. ಹಳೆಯ ತಡಿಗಳಲ್ಲಿ ಅದು ಹಿಂದಕ್ಕೆ ಹೋದಂತೆ ಕಿರಿದಾಗುವುದು ಸಾಮಾನ್ಯ ದೋಷ. ಮೆತ್ತೆಯ ಕೆಳಗೆ ಅಂಗೈ ಚಪ್ಪಟೆ ಮಾಡಿ ಮುಂದಿನಿಂದ ಹಿಂದಕ್ಕೆ ಎಳೆದರೆ ಒತ್ತಡ ಎಲ್ಲಿಯೂ ಒಮ್ಮೆಲೆ ಹೆಚ್ಚಬಾರದು, ಒಮ್ಮೆಲೆ ಇಲ್ಲವಾಗಲೂಬಾರದು. ಪಕ್ಕದಿಂದ ನೋಡಿದಾಗ ಆಸನದ ಅತಿ ತಗ್ಗಿನ ಬಿಂದು ನಡುವೆ ಇರಬೇಕು.

ನಿಂತ ಕುದುರೆಯ ಮೇಲೆ ಸರಿಯಾದದ್ದು ಇಳಿಜಾರಿನಲ್ಲಿ ಸರಿಯಿರುತ್ತದೆಂಬ ಭರವಸೆಯಿಲ್ಲ, ಮತ್ತು ಕೊಡಗಿನಲ್ಲಿ ನಿಜವಾದ ಪರೀಕ್ಷೆ ಅಲ್ಲಿಯೇ. ಹೊಟ್ಟೆಪಟ್ಟಿ ತಾನಾಗಿ ಹೋಗಿ ಕೂರುವ ತಗ್ಗು ಮುಂಗಾಲುಗಳ ಹಿಂದೆ, ಎದೆಯ ಅಡಿಯಲ್ಲಿ ಇರುತ್ತದೆ. ಹೊಟ್ಟೆ ಹೊರಬಾಗಿದ ಪೋನಿಗಳಲ್ಲಿ ಈ ತಗ್ಗು ಬಹಳ ಮುಂದಿರುತ್ತದೆ. ತಡಿಯನ್ನು ಸರಿಯಾದ ಜಾಗದಲ್ಲಿಟ್ಟು ಪಟ್ಟಿಯನ್ನು ಕಟ್ಟಿದಾಗ ಬಾರುಗಳು ನೇರ ಕೆಳಗಿಳಿಯದೆ ಓರೆಯಾಗಿ ಮುಂದಕ್ಕೆ ಹೋಗುತ್ತವೆ. ನಡೆಯತೊಡಗಿದ ಕೂಡಲೆ ಪಟ್ಟಿ ತನ್ನ ತಗ್ಗನ್ನು ಸೇರಿ ತಡಿಯನ್ನೂ ತನ್ನೊಡನೆ ಮುಂದಕ್ಕೆ ಎಳೆದೊಯ್ಯುತ್ತದೆ. ಎಷ್ಟು ಬಿಗಿದರೂ ಇದು ನಿಲ್ಲದು, ಏಕೆಂದರೆ ಎಳೆಯುತ್ತಿರುವುದು ಆ ಪಟ್ಟಿಯೇ. ಪರಿಹಾರ ಬಾರುಗಳನ್ನು ಹೊಲಿದಿರುವ ಸ್ಥಳದಲ್ಲಿದೆ. ಒಂದು ಬಾರನ್ನು ಮುಂಗಮಾನಿನ ಕಾಲಿನ ತುದಿಯಿಂದ, ಇನ್ನೊಂದನ್ನು ಹಿಂದಿನಿಂದ ಇಳಿಸಿದರೆ ಎಳೆತ ಹಂಚಿಹೋಗಿ, ತಡಿ ತನ್ನ ಜಾಗದಲ್ಲಿಯೇ ಇರುವಾಗ ಪಟ್ಟಿ ಮುಂದಿನ ತಗ್ಗಿನಲ್ಲಿ ಕೂರುತ್ತದೆ. ನಡುಭಾಗ ಮುಂದಕ್ಕೆ ಬಾಗಿದಂತೆ ಹೊಲಿದ ಹೊಟ್ಟೆಪಟ್ಟಿಗಳೂ ಇವೆ. ಇವೆಲ್ಲ ಆದ ಮೇಲೂ ಕಡಿದಾದ ಇಳಿಜಾರಿಗೆ ಬಾಲಪಟ್ಟಿ ಬೇಕಾಗಬಹುದು. ದುಮ್ಚಿ ಎಂದು ಹಳಬರು ಕರೆಯುವ ಈ ಬಾರು ಬಾಲದ ಬುಡವನ್ನು ಸುತ್ತಿ ತಡಿಯನ್ನು ಹಿಂದಿನಿಂದ ಹಿಡಿಯುತ್ತದೆ. ಅದನ್ನು ಬಿಗಿಯಾಗಿ ಎಳೆಯದೆ, ಬೆನ್ನಿಗೂ ಬಾರಿಗೂ ನಡುವೆ ಕೈ ಸಲೀಸಾಗಿ ತೂರುವಂತೆ ಬಿಟ್ಟು, ಕುದುರೆಗೆ ಕೆಲವು ದಿನ ಬರಿದೇ ಕಟ್ಟಿ ರೂಢಿಸಿ, ಬಾಲದ ಅಡಿಯ ಭಾಗವನ್ನು ಪ್ರತಿ ಸಲ ತೊಳೆದು ಬಳಸಬೇಕು. ಹೊಂದದ ತಡಿಯನ್ನು ಹಿಡಿದಿಡಲು ಬಾಲಪಟ್ಟಿ ಕಟ್ಟುವುದು ಮಾತ್ರ ಕುದುರೆಗೆ ಮಾಡುವ ಅನ್ಯಾಯ.

ಸವಾರಿ ಮುಗಿದ ಮೇಲೆ ಬೆವರಿನ ಗುರುತನ್ನು ಓದುವ ಪದ್ಧತಿ ಎಲ್ಲೆಡೆ ಇದೆ. ಬೆವರಿದ ಬೆನ್ನಿನ ನಡುವೆ ಒಣಗಿದ ತೇಪೆ ಕಂಡರೆ ಅಲ್ಲಿ ಒಂದೋ ಅತಿ ಒತ್ತಡವಿದೆ, ಇಲ್ಲವೇ ತಡಿ ತಾಗಿಯೇ ಇಲ್ಲ. ಯಾವುದೆಂದು ಅಂಗೈ ತೂರಿಸಿ ನೋಡಿ ನಿರ್ಧರಿಸಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಇದು ನಡೆಯದು, ಕುದುರೆಯ ಮೈ ಹೇಗೂ ಒದ್ದೆಯೇ. ಆಗ ಬಿಳಿ ಪಂಚೆಯ ತುಂಡೊಂದನ್ನು ತಡಿಯ ಅಡಿಗೆ ಹಾಸಿ ಇಪ್ಪತ್ತು ನಿಮಿಷ ನಡೆಸಿದರೆ, ಕೂದಲಿನ ಕೊಳೆ ಬಟ್ಟೆಗೆ ಅಂಟಿದ ರೀತಿಯಲ್ಲಿ ಒತ್ತಡದ ನಕ್ಷೆಯೇ ಸಿಗುತ್ತದೆ. ಬೆನ್ನಿನ ಮೇಲೆ ಅಲ್ಲಲ್ಲಿ ಹುಟ್ಟಿದ ಬಿಳಿ ಕೂದಲು ಹಳೆಯ ಗಾಯದ ದಾಖಲೆ. ಅದಕ್ಕಿಂತ ಮೊದಲೇ ಕುದುರೆ ಹೇಳಿರುತ್ತದೆ: ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಿಸುವುದು, ಕಚ್ಚಲು ತಿರುಗುವುದು, ಹತ್ತುವಾಗ ಬೆನ್ನು ಕುಗ್ಗಿಸುವುದು, ಇಳಿಜಾರಿನಲ್ಲಿ ಹೆಜ್ಜೆ ಮೋಟಾಗುವುದು. ಕೆಂಚಿ ಇವೆಲ್ಲವನ್ನೂ ಮಾಡುತ್ತಿದ್ದಳು. ನಾವು ಅದನ್ನು ಹಟ ಎಂದುಕೊಂಡಿದ್ದೆವು.

ಬೆನ್ನಿನ ಆಕಾರ ವರ್ಷವಿಡೀ ಒಂದೇ ಇರುವುದಿಲ್ಲ ಎಂಬುದು ಇನ್ನೊಂದು ತೊಡಕು. ಮಳೆಗಾಲದ ಎಳೆ ಹುಲ್ಲು ತಿಂದು ಅಕ್ಟೋಬರ್ ಹೊತ್ತಿಗೆ ಪೋನಿ ಉಬ್ಬುತ್ತದೆ, ಮಾರ್ಚಿಯ ಒಣಗಿನಲ್ಲಿ ಇಳಿಯುತ್ತದೆ. ಹಾಗಾಗಿ ತಡಿಯನ್ನು ದೂರುವ ಮೊದಲು, ಅಗಲವೆಂದು ನಾವು ಹೇಳುತ್ತಿರುವುದರಲ್ಲಿ ಎಲುಬೆಷ್ಟು ಕೊಬ್ಬೆಷ್ಟು ಎಂದು ಕೇಳಿಕೊಳ್ಳಬೇಕು. ಒತ್ತಿದರೂ ಪಕ್ಕೆಲುಬು ಕೈಗೆ ಸಿಗದಿದ್ದರೆ, ಕತ್ತಿನ ಮೇಲಂಚು ಗಟ್ಟಿಯಾಗಿ ಉಬ್ಬಿದ್ದರೆ ಮೊದಲು ಮೇವು ಕಡಿಮೆಯಾಗಬೇಕು. ಅತಿಯಾದ ಹಸಿ ಹುಲ್ಲಿನಿಂದ ಗೊರಸಿನ ಉರಿಯೂತ ಬರುವ ಅಪಾಯ ತಡಿಯ ಗಾಯಕ್ಕಿಂತ ದೊಡ್ಡದು. ಉಣ್ಣೆ ತುಂಬಿದ ಮೆತ್ತೆಯಾದರೆ ಸಣ್ಣ ವ್ಯತ್ಯಾಸಗಳನ್ನು ತುಂಬಿ ತೆಗೆದು ಸರಿಮಾಡಬಹುದು. ಈ ಕೆಲಸವನ್ನು ಹಾಸಿಗೆ ಹೊಲಿಯುವವರಿಗೆ ಒಪ್ಪಿಸಬೇಡಿ. ಅವರು ಒಳ್ಳೆಯ ಮನಸ್ಸಿನಿಂದ ಹತ್ತಿ ತುಂಬಿಕೊಡುತ್ತಾರೆ, ಅದು ಬೆವರಿಗೆ ಗಂಟುಗಟ್ಟುತ್ತದೆ.

ಟ್ರೀ ಇಲ್ಲದ ತಡಿಯೇ ಇದಕ್ಕೆಲ್ಲ ಮದ್ದು ಎಂದು ಹೇಳುವವರಿದ್ದಾರೆ. ಅದು ಯಾವ ಆಕಾರಕ್ಕೂ ಬಾಗುವುದು ನಿಜ. ಆದರೆ ಭಾರವನ್ನು ಹರಡುವ ಎಲುಬುಗೂಡಿಲ್ಲದ್ದರಿಂದ ರಿಕಾಪು ಕಟ್ಟಿದ ಜಾಗದಲ್ಲಿ ಒತ್ತಡ ಕೂಡುತ್ತದೆ, ಮತ್ತು ವಿದರ್ಸ್ ಇಲ್ಲದ ಗುಂಡು ಬೆನ್ನಿನ ಮೇಲೆ ಅದು ಸುಲಭವಾಗಿ ಉರುಳುತ್ತದೆ. ಹಗುರ ಸವಾರರಿಗೆ, ನಡುಗಾಲುವೆಯಿರುವ ದಪ್ಪ ನಮ್ದಾದೊಡನೆ, ಅಲ್ಪ ದೂರಕ್ಕೆ ಆದೀತು. ಸೈನ್ಯದ ಹಳೆಯ ಜೀನು ಗಟ್ಟಿಮುಟ್ಟಾದದ್ದೇ, ಆದರೆ ಅದರ ಪಕ್ಕದ ಹಲಗೆಗಳು ಮೋಟು ಬೆನ್ನಿಗೆ ಉದ್ದವಾಗುತ್ತವೆ. ಬಳಸಿದ ತಡಿ ಕೊಳ್ಳುವುದಾದರೆ ಹಿಂಬದಿಯ ಏರನ್ನು ಹೊಟ್ಟೆಗೆ ಆನಿಸಿ ಮುಂಗಮಾನನ್ನು ತನ್ನತ್ತ ಎಳೆದು ನೋಡಬೇಕು. ಒಳಗೆ ಕಿರುಗುಟ್ಟಿದರೆ, ಅಡ್ಡ ಸುಕ್ಕು ಬಿದ್ದರೆ ಟ್ರೀ ಮುರಿದಿರಬಹುದು, ಅದನ್ನು ಬಿಟ್ಟುಬಿಡಬೇಕು. ಕೊಡಗಿನ ಮಳೆಗೆ ಚರ್ಮಕ್ಕಿಂತ ಸಿಂಥೆಟಿಕ್ ವಾಸಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಜುಲೈಯಲ್ಲಿ ವಾರಕ್ಕೊಮ್ಮೆ ಬೂಷ್ಟು ಒರೆಸುವ ತಾಳ್ಮೆ ಎಲ್ಲರಿಗೂ ಇರದು. ಚರ್ಮದ ತಡಿಯನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸುವುದಂತೂ ಬೇಡ, ಒಂದೇ ಮಳೆಗಾಲದಲ್ಲಿ ಬಿರುಕು ಬಿಡುತ್ತದೆ.

ಕೊನೆಯ ಅಳತೆ ಸವಾರನದು. ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ವರ್ಗ ಮಾಡಿ, ಹೆಗಲ ಮೊನೆಯಿಂದ ಪೃಷ್ಠದ ಮೊನೆಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕುದುರೆಯ ತೂಕ ಕಿಲೋಗ್ರಾಮಿನಲ್ಲಿ ಸುಮಾರಾಗಿ ಸಿಗುತ್ತದೆ. ಕೆಂಚಿಯ ಸುತ್ತಳತೆ 150, ಉದ್ದ 130. ತೂಕ 246 ಕಿಲೋ. ಸವಾರನೂ ಸಾಮಗ್ರಿಯೂ ಸೇರಿ ಕುದುರೆಯ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದೆಂಬುದು ಬಹಳ ಮಂದಿ ಪಾಲಿಸುವ ಮಿತಿ, ಅಂದರೆ 49 ಕಿಲೋ. ಅದರಲ್ಲಿ ತಡಿಗೆ 7 ಕಿಲೋ ಕಳೆದರೆ ಉಳಿಯುವುದು 42. ಹದಿನೈದೂವರೆ ಇಂಚಿನ ಬೆನ್ನಿನ ಮೇಲೆ ಹಿಡಿಸುವ ಆಸನದಲ್ಲಿ ಕೂರಬಲ್ಲವರ ತೂಕವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಈ ಲೆಕ್ಕವನ್ನು ನಾನು ಮೂರು ಸಲ ಮಾಡಿ ನೋಡಿದೆ, ಉತ್ತರ ಬದಲಾಗಲಿಲ್ಲ. ಈಗ ಕೆಂಚಿಯ ಮೇಲೆ ಕೂರುವವಳು ತಂಗಿಯ ಮಗಳು. ನಾನು ಮುಂದೆ ಹಗ್ಗ ಹಿಡಿದು ಗದ್ದೆಯವರೆಗೆ ನಡೆಯುತ್ತೇನೆ. ರಟ್ಟಿನ ಅಚ್ಚು ಕೊಟ್ಟಿಗೆಯ ಮೊಳೆಗೆ ತೂಗುತ್ತಿದೆ, ಮೇಲೆ ಮಾರ್ಚ್ ಎಂದು ಬರೆದಿದೆ. ಮಳೆ ನಿಂತ ಮೇಲೆ ಅದರ ಪಕ್ಕದಲ್ಲಿ ಇನ್ನೊಂದನ್ನು ತೆಗೆದಿಡಬೇಕು.